ಟಿಸಿ ಕೊನೆಗೆ: ಕಾಲೇಜು ಬದಲಿಸುವವರ ಕ್ರೆಡಿಟ್ ಲೆಕ್ಕ

"ಟಿಸಿ ತೆಗೆದಾಗಿದೆ ಸರ್, ಇನ್ನು ಎಂಥ ಮಾಡುವುದು?"

ನಂತೂರು ಸರ್ಕಲ್ಲಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಮಳೆಗಾಲದ ಮಧ್ಯಾಹ್ನ ಕಾಲೇಜು ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಬಿ.ಕಾಂ. ಎರಡು ಸೆಮಿಸ್ಟರ್ ಮುಗಿಸಿದ್ದಳು. ತಂದೆಗೆ ಹುಷಾರಿಲ್ಲ, ಮನೆಗೆ ಹತ್ತಿರದಲ್ಲೇ ಓದು ಮುಂದುವರಿಸಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಟಿಸಿ ಇತ್ತು, ಮೈಗ್ರೇಷನ್ ಇತ್ತು, ಎರಡು ಮಾರ್ಕ್ಸ್ ಕಾರ್ಡ್ ಇದ್ದವು. ಇಲ್ಲದ್ದು ಒಂದೇ, ಇಲ್ಲಿನ ವಿಶ್ವವಿದ್ಯಾಲಯ ಆ ಎರಡು ಸೆಮಿಸ್ಟರನ್ನು ಒಪ್ಪುತ್ತದೆ ಎನ್ನುವ ಒಂದು ಸಾಲಿನ ಕಾಗದ. ಸೀಟಿದೆ ಎಂದು ಇಲ್ಲಿನ ಕಾಲೇಜಿನವರು ಫೋನಿನಲ್ಲಿ ಹೇಳಿದ್ದರಂತೆ. ಫೋನಿನ ಮಾತಿಗೆ ಸೀಲು ಸಹಿ ಇರುವುದಿಲ್ಲ.

ವಕೀಲಿ ವೃತ್ತಿಯಲ್ಲಿ ನಾನು ಪದೇ ಪದೇ ಕಾಣುವ ತಪ್ಪು ಇದೇ. ಹಳೆ ಮನೆ ಖಾಲಿ ಮಾಡಿದ ಮೇಲೆ ಹೊಸ ಮನೆಯ ಕರಾರಿಗೆ ಓಡುವುದು. ಕ್ರಮ ತಿರುಗಾ ಆಗಬೇಕು. ಮೊದಲು ಹೊಸ ವಿಶ್ವವಿದ್ಯಾಲಯದ ಲಿಖಿತ ಒಪ್ಪಿಗೆ, ಟಿಸಿ ಕೊನೆಗೆ.

ಅವಳ ಮೊಬೈಲಿನಲ್ಲಿ ಡಿಜಿಲಾಕರ್ ತೆರೆಸಿದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಮಕ್ಕಳ ಬಾಯಲ್ಲಿ 'ಎಬಿಸಿ'. ಯುಜಿಸಿ ಇದಕ್ಕೆ ನಿಯಮ ಮಾಡಿದ್ದು 2021ರ ಜುಲೈಯಲ್ಲಿ. 12 ಅಂಕಿಯ ಒಂದು ಸಂಖ್ಯೆ, ಅದರಡಿ ನೀವು ಗಳಿಸಿದ ಕ್ರೆಡಿಟ್ಟುಗಳ ಜಮೆ. ಅವಳ ಖಾತೆಯಲ್ಲಿ ಮೊದಲ ಸೆಮಿಸ್ಟರ್ ಇತ್ತು, ಎರಡನೆಯದರ ಜಾಗ ಖಾಲಿ. ಪಾಸಾದ ಮಾರ್ಕ್ಸ್ ಕಾರ್ಡ್ ಕೈಯಲ್ಲೇ ಇದೆ, ಬ್ಯಾಂಕಿನಲ್ಲಿ ಮಾತ್ರ ಇಲ್ಲ! ಈ ಬ್ಯಾಂಕಿಗೆ ಜಮೆ ಮಾಡುವ ಅಧಿಕಾರ ವಿದ್ಯಾರ್ಥಿಗೆ ಇಲ್ಲ. ಕಲಿಸಿದ ಸಂಸ್ಥೆಯೇ ಏರಿಸಬೇಕು. ಏರಿಸದಿದ್ದರೆ ಪರೀಕ್ಷಾಂಗ ಕುಲಸಚಿವರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಇದೂ ಟಿಸಿಗೆ ಮೊದಲೇ ಆಗಬೇಕಾದ ಕೆಲಸ. ಬಿಟ್ಟುಹೋದ ವಿದ್ಯಾರ್ಥಿಯ ಅರ್ಜಿಗೆ ಕಚೇರಿಗಳಲ್ಲಿ ಎಷ್ಟು ಅವಸರ ಇರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಊರಿನದ್ದೇ ಇನ್ನೊಂದು ತಾಪತ್ರಯ ಹೆಸರು. ಆಧಾರಿನಲ್ಲಿ ಮನೆತನದ ಹೆಸರು ಉದ್ದಕ್ಕೆ ಇರುತ್ತದೆ, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಬರೀ ಒಂದು ಇನಿಷಿಯಲ್. ಡಿಜಿಲಾಕರ್ ಆಧಾರಿನ ಹೆಸರು ಹಿಡಿಯುತ್ತದೆ, ವಿಶ್ವವಿದ್ಯಾಲಯ ಮಾರ್ಕ್ಸ್ ಕಾರ್ಡಿನ ಹೆಸರು. ಎರಡೂ ಹೊಂದದಿದ್ದರೆ ಕ್ರೆಡಿಟ್ ಅತಂತ್ರ. ಕಾಲೇಜು ಸೇರಿದ ವರ್ಷವೇ ಇದನ್ನು ಸರಿ ಮಾಡಿಸಿಕೊಳ್ಳಿ.

ಇನ್ನು ಮುಖ್ಯ ವಿಷಯ. ಬ್ಯಾಂಕಿನಲ್ಲಿ ಕ್ರೆಡಿಟ್ ಇದೆ ಎಂದ ಮಾತ್ರಕ್ಕೆ ಹೊಸ ವಿಶ್ವವಿದ್ಯಾಲಯ ಕಣ್ಣುಮುಚ್ಚಿ ತೆಗೆದುಕೊಳ್ಳಬೇಕೆಂದಿಲ್ಲ. ಬ್ಯಾಂಕು ಹೇಳುವುದು ನೀವು ಗಳಿಸಿದ್ದೀರಿ ಎಂದಷ್ಟೇ. ಅದು ಇಲ್ಲಿನ ಯಾವ ಪೇಪರಿಗೆ ಸಮ ಎಂದು ತೀರ್ಮಾನಿಸುವುದು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯದ ತಜ್ಞರು. ಅವರು ನೋಡುವುದು ಅಂಕವನ್ನಲ್ಲ, ಪಠ್ಯಕ್ರಮವನ್ನು. 15 ಗಂಟೆ ಪಾಠಕ್ಕೆ, ಇಲ್ಲವೇ 30 ಗಂಟೆ ಪ್ರಾಯೋಗಿಕಕ್ಕೆ ಒಂದು ಕ್ರೆಡಿಟ್ ಎಂಬ ಅಳತೆ ಎಲ್ಲ ಕಡೆ ಒಂದೇ ಇದ್ದರೂ ಆ ಗಂಟೆಗಳಲ್ಲಿ ಕಲಿಸಿದ್ದು ಒಂದೇ ಆಗಿರಬೇಕಲ್ಲ. ಹಾಗಾಗಿ ಹಳೆ ಕಾಲೇಜಿನಿಂದ ತರಬೇಕಾದ ಅತಿ ಬೆಲೆಯ ವಸ್ತು, ಮುದ್ರೆ ಹಾಕಿಸಿದ ಸಿಲಬಸ್ ಪ್ರತಿ. ಅದನ್ನು ಕೇಳಿ ತರುವವರು ನೂರಕ್ಕೆ ಹತ್ತು ಮಂದಿಯೂ ನನಗೆ ಸಿಕ್ಕಿಲ್ಲ.

ಯಾವಾಗ ಬದಲಿಸುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎಬಿಸಿ ನಿಯಮದ ಪ್ರಕಾರ ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಸೆಮಿಸ್ಟರಿಗೆ 20ರಂತೆ ಮೂರು ವರ್ಷಕ್ಕೆ 120 ಎಂದುಕೊಳ್ಳಿ. ಮೂರನೇ ಸೆಮಿಸ್ಟರಿಗೆ ಬಂದವಳು 40 ತಂದು 80 ಇಲ್ಲಿ ಗಳಿಸುತ್ತಾಳೆ, ತೊಂದರೆ ಇಲ್ಲ. ಐದನೆಯದಕ್ಕೆ ಬಂದವಳಿಗೆ ಇಲ್ಲಿ ಸಿಗುವುದು 40 ಮಾತ್ರ, ಬೇಕಾದದ್ದು 60. ಓದು ನಡುವೆ ನಿಲ್ಲಿಸಿದವರು ಏಳು ವರ್ಷದ ಗಡುವನ್ನೂ ನೆನಪಿಡಬೇಕು. ಕ್ರೆಡಿಟ್ಟಿನ ಆಯುಸ್ಸು ಹೆಚ್ಚೆಂದರೆ ಅಷ್ಟೇ. ಒಂದು ಪದವಿಗೆ ಖರ್ಚಾದದ್ದನ್ನು ಇನ್ನೊಂದಕ್ಕೆ ಬಳಸಲಾಗದು.

ತಲಪಾಡಿ ದಾಟಿ ಬರುವ ಕಾಸರಗೋಡಿನ ಕನ್ನಡ ಮಕ್ಕಳ ಕಥೆ ಇನ್ನೂ ಸಿಕ್ಕು. ಕಾಸರಗೋಡು ಸರ್ಕಾರಿ ಕಾಲೇಜು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ನಂತೂರಿನ ಆಸುಪಾಸಿನ ಪದವಿ ಕಾಲೇಜುಗಳ ದಾರಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ. ಕೇರಳ 2024ರ ಜುಲೈಯಿಂದ ನಾಲ್ಕು ವರ್ಷದ ಪದವಿ ಶುರು ಮಾಡಿತು. ಸರಿಯಾಗಿ ಅದೇ 2024-25ರಲ್ಲಿ ಕರ್ನಾಟಕ ನಾಲ್ಕು ವರ್ಷದ್ದನ್ನು ಕೈಬಿಟ್ಟು, ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ, ಮೂರು ವರ್ಷಕ್ಕೆ ಮರಳಿತು. ಗಡಿಯ ಆಚೆ ಏಣಿ ಹತ್ತುವಾಗ ಈಚೆ ಇಳಿಯುತ್ತಿದ್ದರು. ಮೊದಲ ವರ್ಷವನ್ನು ಅಲ್ಲಿ ಓದಿ ಇಲ್ಲಿಗೆ ಬರುವವರ ಪೇಪರುಗಳ ಜೋಡಣೆಯೇ ಬೇರೆ. ಅವರಿಗೆ ಮೈಗ್ರೇಷನ್ ಜೊತೆಗೆ ಇಲ್ಲಿನ ವಿಶ್ವವಿದ್ಯಾಲಯದ ಅರ್ಹತಾ ಪ್ರಮಾಣಪತ್ರವೂ ಬೇಕು. ಎಲಿಜಿಬಿಲಿಟಿ ಎಂದು ಕೌಂಟರಿನಲ್ಲಿ ಹೇಳುವುದು ಇದನ್ನೇ.

ರಾಜ್ಯದ ಒಳಗೂ ಇದೇ ಪಾಡು. 2021-22ರಿಂದ 2023-24ರವರೆಗೆ ಸೇರಿದವರು ಎನ್‌ಇಪಿ ಬ್ಯಾಚು. ಡಿಜಿಟಲ್ ಫ್ಲುಯೆನ್ಸಿಯಂಥ ಪೇಪರ್ ಬರೆದವರು. ಅವರಲ್ಲಿ ಒಬ್ಬ ಮಧ್ಯೆ ಬಿಟ್ಟು ಈಗ ಮರಳಿದರೆ ತರಗತಿಯಲ್ಲಿ ಪಕ್ಕದಲ್ಲಿ ಕೂರುವವರು ಬೇರೆ ಪಠ್ಯಕ್ರಮದವರು. ಹಳೆ ಕ್ರೆಡಿಟ್ ಹೇಗೆ ಎಣಿಸುತ್ತೀರಿ ಎಂದು ಪ್ರವೇಶಕ್ಕೆ ಮೊದಲೇ ಬರೆದು ಕೇಳಬೇಕು.

ಎಲ್ಲ ಕೋರ್ಸಿಗೂ ಈ ಸೌಲಭ್ಯ ಇದೆ ಎಂದು ಭಾವಿಸಬೇಡಿ. ಐದು ವರ್ಷದ ಕಾನೂನು ಪದವಿಗೆ ಬೇರೆ ಪದವಿಯ ಬಲದ ಮೇಲೆ ನಡುವಿನಲ್ಲಿ ನುಗ್ಗುವುದನ್ನು ವಕೀಲರ ಪರಿಷತ್ತಿನ 2008ರ ನಿಯಮ ನಿಷೇಧಿಸಿದೆ. ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುವುದು ಡಿಸಿಇಟಿ ಮೂಲಕ, ಅದರ ದಾರಿಯೇ ಬೇರೆ.

ಹಳೆ ಕಾಲೇಜು ಕಾಗದ ಕೊಡದೆ ಸತಾಯಿಸಿದರೆ? ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಕ್ಟೋಬರಿನಲ್ಲೇ ಹೇಳಿದೆ. ಉಳಿದ ವರ್ಷಗಳ ಶುಲ್ಕ ಕಟ್ಟಿದರೆ ಮಾತ್ರ ಟಿಸಿ ಎನ್ನುವವರಿಗೆ ನಮ್ಮ ರಾಜ್ಯದಿಂದಲೇ ಹೋದ ಇಸ್ಲಾಮಿಕ್ ಅಕಾಡೆಮಿ ಪ್ರಕರಣವನ್ನು ನೆನಪಿಸಿ. 2003ರಲ್ಲಿ ಸುಪ್ರೀಂ ಕೋರ್ಟ್, ವೃತ್ತಿಪರ ಕಾಲೇಜು ಒಂದು ವರ್ಷದ ಅಥವಾ ಸೆಮಿಸ್ಟರಿನ ಶುಲ್ಕ ಮಾತ್ರ ಮುಂಗಡ ಪಡೆಯಬಹುದು ಎಂದಿತು. ಆದರೆ ಮಧ್ಯೆ ಬಿಡುವವರಿಂದ ಬಾಂಡ್ ಬರೆಸಿಕೊಳ್ಳಲು ಅದೇ ತೀರ್ಪು ಅವಕಾಶ ಕೊಟ್ಟಿದೆ. ಪ್ರವೇಶದ ದಿನ ಹತ್ತು ಸಹಿಗಳ ನಡುವೆ ಅಂಥ ಬಾಂಡಿಗೂ ಸಹಿ ಹಾಕಿದ್ದೀರೋ ನೋಡಿ.

ದೂರು ಕೊಡುವ ಜಾಗ ಮೊದಲು ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ. ಯುಜಿಸಿಯ 2023ರ ನಿಯಮದಡಿ ದಾಖಲೆ ಕೊಡದಿರುವುದೂ ದೂರಿಗೆ ವಿಷಯವೇ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನ ಆಗದಿದ್ದರೆ ತೀರ್ಮಾನ ಕೈಸೇರಿದ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಅವರು 30 ದಿನದಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕು.

ಹೊಸ ವಿಶ್ವವಿದ್ಯಾಲಯ ಕಾರಣ ಹೇಳದೆ 'ಆಗುವುದಿಲ್ಲ' ಎಂದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಒಳ್ಳೆಯ ಅಸ್ತ್ರ. ಸಮಾನತೆ ಪರಿಶೀಲಿಸಿದ ಸಭೆಯ ನಡಾವಳಿಯ ಪ್ರತಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು; ಮನೆಯ ಕಷ್ಟವನ್ನೆಲ್ಲ ಅದರಲ್ಲಿ ಬರೆಯಬೇಡಿ. ಉತ್ತರಕ್ಕೆ 30 ದಿನ.

ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎನ್ನುವವರು ಸ್ವಲ್ಪ ತಡೆಯಿರಿ. ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಯನ್ನು ಗ್ರಾಹಕ ಎಂದು ಒಪ್ಪಲಿಲ್ಲ. ಹೈಕೋರ್ಟಿನ ರಿಟ್ ಇದೆ, ಆದರೆ ಯಾವ ಪೇಪರ್ ಯಾವುದಕ್ಕೆ ಸಮ ಎನ್ನುವುದರಲ್ಲಿ ನ್ಯಾಯಾಧೀಶರು ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಕಾರಣ ಕೊಡದೆ ತಿರಸ್ಕರಿಸಿದ್ದನ್ನು ಮಾತ್ರ ಗಟ್ಟಿಯಾಗಿ ಪ್ರಶ್ನಿಸಬಹುದು. ವಕೀಲರಿಗೆ ದುಡ್ಡಿಲ್ಲದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಜೆರಾಕ್ಸ್ ಅಂಗಡಿಯ ಹುಡುಗಿ ಹಳೆ ಕಾಲೇಜಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಸಿಲಬಸ್ಸಿಗೆ ಸೀಲು ಹಾಕಿಸಿಕೊಂಡು ಬಂದಳು. ಮೂರು ವಾರದ ಮೇಲೆ ಪತ್ರ ಸಿಕ್ಕಿತು. ಎರಡು ಪೇಪರ್ ಬಿಟ್ಟು ಮಿಕ್ಕದ್ದಕ್ಕೆಲ್ಲ ಒಪ್ಪಿಗೆ, ಆ ಎರಡನ್ನು ಇಲ್ಲಿ ಬರೆಯಬೇಕು. ಅದೇ ಅಂಗಡಿಗೆ ಬಂದು ಪತ್ರದ ಐದು ಪ್ರತಿ ತೆಗೆಸಿದಳು. ಐದು ಯಾಕೆ ಎಂದೆ. "ಇನ್ನು ಯಾರು ಕೇಳ್ತಾರೋ ಗೊತ್ತಿಲ್ಲ ಸರ್" ಎಂದಳು.