ಗುಡಾರ ಹೂಡುವ ಮುನ್ನ



ಮಕ್ಕಳ ಪರೀಕ್ಷೆ ಮುಗಿಯುವ ಏಪ್ರಿಲ್-ಮೇ ತಿಂಗಳು ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ನಮ್ಮ ಧರ್ಮಕೇಂದ್ರಗಳ ಕಚೇರಿಗೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: "ಫಾದರ್, ಬೆಂಗಳೂರಿಗೆ ಹೋಗ್ತಾ ಇದ್ದೀವಿ, ಒಂದು ಪತ್ರ ಬೇಕಿತ್ತು." ಯಾವ ಕಡೆ ಮನೆ ಮಾಡಿದ್ದೀರಿ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ. ಗೊತ್ತಿದ್ದವರೊಬ್ಬರು ನೋಡಿದ್ದಾರೆ, ಬಾಡಿಗೆ ಕಡಿಮೆ, ಮನೆ ಚೆನ್ನಾಗಿದೆಯಂತೆ. ಮಗಳ ಮದುವೆಗೆ ಹುಡುಗನ ಮನೆತನವನ್ನು ಏಳು ಊರಲ್ಲಿ ವಿಚಾರಿಸುವ ನಾವು, ಅದೇ ಮಗಳು ಹತ್ತು ವರ್ಷ ಆಡಿ ಬೆಳೆಯಬೇಕಾದ ಬೀದಿಯನ್ನು ಫೋನಿನಲ್ಲಿ ಕೇಳಿದ ಒಂದು ಮಾತಿನ ಮೇಲೆ ನಿರ್ಧರಿಸುತ್ತೇವೆ. ಈ ವಾರ ಇದನ್ನು ಕುರಿತು ಸ್ವಲ್ಪ ಚಿಂತಿಸೋಣ.

ಪವಿತ್ರ ಗ್ರಂಥದಲ್ಲಿ ವಾಸಸ್ಥಳವನ್ನು ಆರಿಸಿಕೊಂಡವರ ಕಥೆಗಳು ಅನೇಕ. ಅವುಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಮೊದಲನೆಯದು ಅಬ್ರಾಮನ ತಮ್ಮನ ಮಗನಾದ ಲೋಟನದು (ಆದಿಕಾಂಡ 13). ದನಕುರಿಗಳು ಹೆಚ್ಚಿ ದನಗಾಹಿಗಳಲ್ಲಿ ಜಗಳವಾದಾಗ ಅಬ್ರಾಮನು ಹಿರಿಯನಾದರೂ ಮೊದಲ ಆಯ್ಕೆಯನ್ನು ಲೋಟನಿಗೇ ಬಿಟ್ಟುಕೊಟ್ಟ. ಲೋಟ ಕಣ್ಣೆತ್ತಿ ನೋಡಿದ. ಜೋರ್ಡನ್ ಬಯಲು ನೀರಾವರಿಯಿಂದ ಹಸಿರಾಗಿತ್ತು. ಅದನ್ನೇ ಆರಿಸಿಕೊಂಡ. ಆ ಬಯಲಿನ ಜನ ಎಂಥವರು ಎಂದು ಅವನು ವಿಚಾರಿಸಿದ್ದನ್ನು ಗ್ರಂಥ ಹೇಳುವುದಿಲ್ಲ. ಮುಂದೆ ಆದದ್ದನ್ನು ಗಮನಿಸಿ. ಮೊದಲು ಅವನ ಗುಡಾರ ಸೊದೋಮಿನ ಹತ್ತಿರ. ಮುಂದಿನ ಅಧ್ಯಾಯಕ್ಕೆ ಬಂದರೆ ಮನೆ ಸೊದೋಮಿನ ಒಳಗೆ. ಹತ್ತೊಂಬತ್ತನೆಯ ಅಧ್ಯಾಯದ ವೇಳೆಗೆ ಅವನು ಆ ಊರ ಬಾಗಿಲಲ್ಲೇ ಕುಳಿತಿದ್ದಾನೆ. ಊರು ನಾಶವಾಗುತ್ತದೆ, ಏಳಿ ಎಂದು ಭಾವೀ ಅಳಿಯಂದಿರನ್ನು ಎಚ್ಚರಿಸಿದರೆ, ಮಾವ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ಲೋಟ ಕೆಟ್ಟವನಾಗಿರಲಿಲ್ಲ. ಅವನು ನೋಡಿದ್ದು ದನಕ್ಕೆ ಮೇವು. ಮಕ್ಕಳ ನೆರೆಹೊರೆಯನ್ನು ನೋಡಲಿಲ್ಲ, ಅಷ್ಟೇ. ಅತ್ತ ಅಬ್ರಾಮನು ಹೆಬ್ರೋನಿನ ಮಮ್ರೆಯಲ್ಲಿ ಗುಡಾರ ಹಾಕಿ, ಅಲ್ಲಿ ಸರ್ವೇಶ್ವರನಿಗೆ ಬಲಿಪೀಠವನ್ನು ಕಟ್ಟಿದನೆಂದು ಅದೇ ಅಧ್ಯಾಯದ ಕೊನೆಯ ವಾಕ್ಯ ತಿಳಿಸುತ್ತದೆ.

ಎರಡನೆಯದು ಸಂತ ಜೋಸೆಫರ ಕಥೆ (ಮತ್ತಾಯ 2). ಈಜಿಪ್ಟಿನಿಂದ ಹಿಂದಿರುಗಿದ ಅವರು ಜುದೇಯಕ್ಕೆ ಹೋಗಬಹುದಿತ್ತು. ಬೆತ್ಲೆಹೇಮ್ ಪೂರ್ವಜರ ಊರು, ಜೆರುಸಲೇಮಿನ ದೇವಾಲಯ ಅಲ್ಲಿಗೆ ಹತ್ತಿರ. ಆದರೆ ಹೆರೋದನ ಸ್ಥಾನದಲ್ಲಿ ಅವನ ಮಗ ಅರ್ಖೆಲಾಯ ಆಳುತ್ತಿದ್ದಾನೆಂದು ಕೇಳಿ ಅವರು ಹೆದರಿದರು. ಕನಸಿನಲ್ಲಿ ಎಚ್ಚರಿಕೆಯೂ ಆಯಿತು. ಗಲಿಲೇಯಕ್ಕೆ ಹೋಗಿ ನಜರೇತಿನಲ್ಲಿ ನೆಲೆಸಿದರು. ನಜರೇತ್ ಎಂದರೆ ಯಾರಿಗೂ ಗೌರವವಿಲ್ಲದ ಹಳ್ಳಿ. ಅಲ್ಲಿಂದ ಒಳ್ಳೆಯದು ಬರುವುದುಂಟೇ ಎಂದು ನತಾನಿಯೇಲ ಕೇಳಿದ್ದನ್ನು ನೀವು ಬಲ್ಲಿರಿ. ನಜರೇತಿಗೆ ಸುಮಾರು 6 ಕಿಲೋಮೀಟರ್ ದೂರದಲ್ಲಿ ಸೆಪ್ಫೋರಿಸ್ ಎಂಬ ಪಟ್ಟಣವಿತ್ತು. ಹೆರೋದ್ ಅಂತಿಪಾಸನು ಆ ವರ್ಷಗಳಲ್ಲಿ ಅದನ್ನು ಮರಳಿ ಕಟ್ಟಿಸಿದ. ನಜರೇತಿನ ಬಡಗಿಗಳು ಅಲ್ಲಿ ಕೂಲಿಗೆ ನಡೆದು ಹೋಗುತ್ತಿದ್ದಿರಬಹುದು ಎಂದು ಊಹಿಸುವ ವಿದ್ವಾಂಸರಿದ್ದಾರೆ. ಶುಭಸಂದೇಶ ಈ ಬಗ್ಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ ಇದನ್ನು ಊಹೆಯೆಂದೇ ಇಟ್ಟುಕೊಳ್ಳೋಣ. ಆದರೂ ನನಗೆ ಅದು ಹಿಡಿಸುತ್ತದೆ. ಸಣ್ಣ ಊರಿನಲ್ಲಿ ಮನೆ, ನಡೆಯುವಷ್ಟು ದೂರದಲ್ಲಿ ಕೆಲಸ, ಸಂಜೆಗೆ ತಂದೆ ಮನೆಯಲ್ಲಿ.

ಮನೆ ಹುಡುಕುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂಬುದು ನನ್ನ ಅಭಿಪ್ರಾಯ: ಇಲ್ಲಿದ್ದರೆ ರಾತ್ರಿ ಎಂಟು ಗಂಟೆಗೆ ನಾವೆಲ್ಲರೂ ಮನೆಯಲ್ಲಿರುತ್ತೇವೆಯೇ? ಎರಡನೆಯ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಸಭೆ ಎಂದರೆ ಸೇರಬೇಕು. ಒಬ್ಬರು ಏಳಕ್ಕೆ, ಒಬ್ಬರು ಒಂಬತ್ತಕ್ಕೆ, ಇನ್ನೊಬ್ಬರು ಹತ್ತೂವರೆಗೆ ಬಂದು ತಟ್ಟೆ ಹಾಕಿಕೊಂಡು ಉಂಡು ಮಲಗುವ ಮನೆಯಲ್ಲಿ ಜಪಸರ ಹೇಗೆ ನಡೆದೀತು? ಊರಿನಲ್ಲಿ ತಪ್ಪದೆ ಸಂಜೆ ಪ್ರಾರ್ಥನೆ ಮಾಡುತ್ತಿದ್ದವರು ನಗರಕ್ಕೆ ಹೋಗಿ ಆರು ತಿಂಗಳಲ್ಲಿ ಬಿಟ್ಟರೆ, ಭಕ್ತಿ ಆರಿತೆಂದು ನಾವು ಗುರುಗಳು ಬಯ್ಯುತ್ತೇವೆ. ಭಕ್ತಿ ಆರಿರುವುದಿಲ್ಲ, ಅವರು ಇನ್ನೂ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ನಿಂತಿರುತ್ತಾರೆ.

ಲೆಕ್ಕ ಹಾಕಿ ನೋಡಿ. ದೂರದ ಬಡಾವಣೆಯ ಮನೆಗೆ ಬಾಡಿಗೆ 4,000 ರೂಪಾಯಿ ಕಡಿಮೆ ಎನ್ನೋಣ. ಆದರೆ ಕೆಲಸಕ್ಕೆ ಹೋಗಿಬರಲು ದಿನಕ್ಕೆ ಮೂರು ಗಂಟೆ. ಹತ್ತಿರದ ಮನೆಯಾದರೆ ಒಂದು ಗಂಟೆ ಸಾಕು. ತಿಂಗಳಿಗೆ 25 ದಿನ ಕೆಲಸವಿದ್ದರೆ 50 ಗಂಟೆಗಳ ವ್ಯತ್ಯಾಸ. ಅಂದರೆ ಮಕ್ಕಳ ಜೊತೆ ಇರಬಹುದಾಗಿದ್ದ ತಂದೆಯ ಸಮಯವನ್ನು ಗಂಟೆಗೆ 80 ರೂಪಾಯಿಯಂತೆ ಮಾರಿದ ಹಾಗಾಯಿತು, ಅದರಲ್ಲೂ ಬಸ್ಸು-ಪೆಟ್ರೋಲಿನ ಖರ್ಚು ಕಳೆಯಬೇಕು. ಆ 4,000ವೇ ಮನೆ ನಡೆಸುವ ಕುಟುಂಬಗಳೂ ಇವೆ, ಅವರಿಗೆ ಈ ಲೆಕ್ಕವನ್ನು ಬೋಧಿಸುವ ಹಕ್ಕು ನನಗಿಲ್ಲ. ಆದರೆ ಕೈಯಲ್ಲಿ ಹಣವಿದ್ದೂ, ದೊಡ್ಡ ಹಾಲ್ ಬೇಕು, ಮೂರನೆಯ ಕೋಣೆ ಬೇಕು ಎಂದು ದೂರ ಹೋಗುವವರು ಯೋಚಿಸಲಿ. ಎರಡು ಕೋಣೆಯ ಮನೆಯಲ್ಲಿ ಇಕ್ಕಟ್ಟಾಗಿ ಕುಳಿತು ಊಟ ಮಾಡುವ ಕುಟುಂಬ ಬಡ ಕುಟುಂಬವೇನಲ್ಲ. ಈಗ ಮೆಟ್ರೋ ಇದೆ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ, 2025ರ ಆಗಸ್ಟಿನಿಂದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೂ ಓಡುತ್ತಿದೆ. ಆದ್ದರಿಂದ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಬಾಗಿಲಿನಿಂದ ಬಾಗಿಲಿಗೆ ಹಿಡಿಯುವ ಗಂಟೆಯಲ್ಲಿ ಅಳೆಯಿರಿ.

ಸಂತ ತೋಮಸ್ ಅಕ್ವಿನಾಸರು ವಿವೇಕ ಎಂಬ ಸದ್ಗುಣಕ್ಕೆ ಎಂಟು ಅಂಗಗಳನ್ನು ಹೇಳಿದ್ದಾರೆ. ಎಂಟನ್ನೂ ಇಲ್ಲಿ ವಿವರಿಸುವುದಿಲ್ಲ, ಸೆಮಿನರಿಯಲ್ಲಿ ನಾವು ಬಾಯಿಪಾಠ ಮಾಡಿದ್ದು ಸಾಕು. ಅವುಗಳಲ್ಲಿ ಒಂದು, ಬಲ್ಲವರಿಂದ ಕಲಿಯುವ ಮನಸ್ಸು. ಇನ್ನೊಂದು, ಸುತ್ತಲಿನ ಸಂದರ್ಭವನ್ನೆಲ್ಲ ನೋಡುವುದು. ಮನೆಯ ವಿಷಯದಲ್ಲಿ ಬಲ್ಲವರು ಯಾರು? ಬ್ರೋಕರ್ ಅಲ್ಲ. ಆ ಬೀದಿಯ ಮೂಲೆಯ ಅಂಗಡಿಯವರು, ಕೆಳಮನೆಯ ಅಜ್ಜಿ, ಅಲ್ಲಿನ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು. ಬಡವರ ಮನೆಗಳಿಗೆ ನಡೆದು ಹೋಗುವ ಇವರಿಗೆ ಯಾವ ಗಲ್ಲಿಯಲ್ಲಿ ಏನು ನಡೆಯುತ್ತದೆಂದು ಚೆನ್ನಾಗಿ ಗೊತ್ತು. ಒಬ್ಬ ಯಜಮಾನ ಭಾನುವಾರ ಬೆಳಿಗ್ಗೆ ಹೋಗಿ ಮನೆ ನೋಡಿ ಮುಂಗಡ ಕೊಟ್ಟು ಬರುವುದು ವಿವೇಕವಲ್ಲ. ದಿನವಿಡೀ ಆ ಮನೆಯಲ್ಲಿರಬೇಕಾದವಳು ಹೆಂಡತಿ. ಆಕೆ ಜೊತೆಗೆ ಬರಲಿ. ಇಬ್ಬರೂ ಒಂದು ಸಂಜೆ ಏಳು ಗಂಟೆಗೆ ಬಸ್ ನಿಲ್ದಾಣದಿಂದ ಆ ಮನೆಗೆ ನಡೆದು ನೋಡಿ. ಬೀದಿದೀಪ ಉರಿಯುತ್ತದೆಯೇ? ಬಾರಿನ ಮುಂದೆ ಹಾದು ಹೋಗಬೇಕೇ? ಟ್ಯೂಷನ್ ಮುಗಿಸಿ ಬರುವ ಮಗಳು ಈ ದಾರಿಯಲ್ಲಿ ಒಬ್ಬಳೇ ಬರಬಹುದೇ?

ನೀರಿನ ವಿಷಯ ಕೇಳಲೇಬೇಕು. ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ? 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಂಗಳೂರಿನ ಹೊರವಲಯದವರು ಟ್ಯಾಂಕರಿಗಾಗಿ ಕಾದದ್ದನ್ನು ಮರೆಯಬಾರದು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಯೋಜನೆ ಬಂದಿದ್ದರೂ ನೀವು ನೋಡುವ ಮನೆಗೆ ಕೊಳಾಯಿ ಬಂದಿದೆಯೇ ಎಂಬುದು ಬೇರೆ ಪ್ರಶ್ನೆ. ಮಳೆಯ ವಿಷಯವೂ ಹಾಗೆಯೇ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಸಿರಿವಂತರ ಮನೆಗಳಿಗೂ ನೀರು ನುಗ್ಗಿತು. ರಾಜಕಾಲುವೆ ಪಕ್ಕದ ಮನೆಯಾದರೆ ಕಳೆದ ಮಳೆಗಾಲದಲ್ಲಿ ಏನಾಯಿತೆಂದು ನೆರೆಯವರನ್ನು ಕೇಳಿ.

ಹಣದ ಬಗ್ಗೆ ಒಂದೇ ಮಾತು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನಲ್ಲಿ ಬಹುಕಾಲದ ರೂಢಿ, ಚೌಕಾಸಿ ಮಾಡಲು ನಾಚಬೇಡಿ. ಆದರೆ ತೋಟ ಮಾರಿದ ಹಣವನ್ನೋ ನಿವೃತ್ತಿಯ ಹಣವನ್ನೋ ತಂದು ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಳ್ಳುವವರು ತುಂಬ ಎಚ್ಚರವಿರಬೇಕು. ಮಾಲೀಕನು ಆ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಮಾಡಿದ್ದು, ಕಟ್ಟದೆ ಬಿಟ್ಟರೆ, ಬ್ಯಾಂಕಿನವರು ಬಂದು ಬೀಗ ಹಾಕುವಾಗ ನಿಮ್ಮ ಲಕ್ಷಗಳು ಯಾರ ಕೈಯಲ್ಲಿರುತ್ತವೆ? ಋಣಭಾರ ಪತ್ರ ತೆಗೆಸಿ ನೋಡಿ. ಅಷ್ಟಕ್ಕೇ ನಿಲ್ಲದೆ ಮನೆಯ ಮೂಲ ಪತ್ರಗಳನ್ನು ತೋರಿಸಿ ಎಂದು ಕೇಳಿ. ಜೆರಾಕ್ಸ್ ಪ್ರತಿ ಮಾತ್ರ ತೋರಿಸಿದರೆ ಮೂಲಪತ್ರ ಬ್ಯಾಂಕಿನಲ್ಲಿರಬಹುದು. ಒಂದು ವರ್ಷಕ್ಕೆ ಮೀರಿದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕೆಂಬುದು ಕಾನೂನು. ಖರ್ಚು ಉಳಿಸಲು ಸ್ಟಾಂಪ್ ಕಾಗದದಲ್ಲಿ ಮುಗಿಸಬೇಡಿ.

ಇನ್ನು ಮನಸ್ಸಾಕ್ಷಿಯ ಪ್ರಶ್ನೆ. ಕೆಲವು ಬೀದಿಗಳಲ್ಲಿ, "ನೀವು ಯಾವ ಜನ? ಮಾಂಸ ತಿನ್ನುತ್ತೀರಾ?" ಎಂದು ಬಾಗಿಲಲ್ಲೇ ಕೇಳುತ್ತಾರೆ. ನಮ್ಮವರಲ್ಲಿ ಕೆಲವರು ಇಲ್ಲ ಎಂದು ಹೇಳಿ, ಹೆಸರಿನ ಅರ್ಧವನ್ನು ಮುಚ್ಚಿಟ್ಟು, ಯೇಸುಸ್ವಾಮಿಯ ಪಟವನ್ನು ಒಳಕೋಣೆಯಲ್ಲಿಟ್ಟು ಮನೆ ಹಿಡಿಯುತ್ತಾರೆ. ಕೇಳದೇ ಇದ್ದದ್ದನ್ನು ಹೇಳಬೇಕಾದ ಬಾಧ್ಯತೆ ನಮಗಿಲ್ಲ, ನೈತಿಕ ದೈವಶಾಸ್ತ್ರ ಮೌನಕ್ಕೆ ಜಾಗ ಕೊಡುತ್ತದೆ. ಆದರೆ ಕೇಳಿದಾಗ ಸುಳ್ಳು ಹೇಳುವುದು ಸುಳ್ಳೇ. ಪಾಪದ ಮಾತನ್ನು ಪಕ್ಕಕ್ಕಿಟ್ಟರೂ, ಆ ಮನೆಯಲ್ಲಿ ಮಗು ಏನು ಕಲಿಯುತ್ತದೆ ನೋಡಿ. ಕ್ರಿಸ್‌ಮಸ್ ನಕ್ಷತ್ರವನ್ನು ಕಿಟಕಿಗೆ ಕಟ್ಟಬಾರದು, ಪ್ರಾರ್ಥನೆಯನ್ನು ಮೆಲ್ಲಗೆ ಹೇಳಬೇಕು, ಅಡುಗೆ ಮಾಡುವಾಗ ಕಿಟಕಿ ಮುಚ್ಚಬೇಕು. ತನ್ನ ವಿಶ್ವಾಸ ನಾಚಿಕೆಪಡುವ ಸಂಗತಿ ಎಂದು ಅದಕ್ಕೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅಂಥ ಮನೆ ಎಷ್ಟು ಅಗ್ಗವಾದರೂ ಬೇಡ ಎನ್ನುತ್ತೇನೆ.

ಹಾಗೆಂದು ಕ್ರೈಸ್ತರೇ ಇರುವ ಬೀದಿಯನ್ನು ಹುಡುಕಿಕೊಂಡು ಹೋಗಿ ಎನ್ನುವುದಿಲ್ಲ. ಬಾಬಿಲೋನಿಗೆ ಸೆರೆಹೋದ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರವನ್ನು ಓದಿ (ಯೆರೆಮೀಯ 29). ಅಲ್ಲಿ ಮನೆ ಕಟ್ಟಿ, ತೋಟ ಮಾಡಿ, ಆ ಪರದೇಶದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಅವನು ಹೇಳಿಕಳುಹಿಸಿದ. ರಾತ್ರಿ ಎರಡು ಗಂಟೆಗೆ ಅಜ್ಜನಿಗೆ ಎದೆನೋವು ಬಂದರೆ ಆಟೋ ಕರೆತರುವವನು ಎದುರುಮನೆಯ ಹಿಂದೂ ಅಥವಾ ಮುಸ್ಲಿಂ ಹುಡುಗನೇ ಆಗಿರಬಹುದು. ಬಾಗಿಲು ತೆರೆದಿಟ್ಟು ಮಾತನಾಡುವ ಬೀದಿ ಸಿಕ್ಕರೆ ಅದೇ ನಮ್ಮವರ ಬೀದಿ.

ದೇವಾಲಯ ಮಾತ್ರ ನಡೆದು ಹೋಗುವಷ್ಟು, ಇಲ್ಲವೇ ಒಂದೇ ಬಸ್ಸಿನಷ್ಟು ದೂರದಲ್ಲಿರಲಿ. ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳ ಹೀಗೆ ಹಲವು ಭಾಷೆಗಳಲ್ಲಿ ಬಲಿಪೂಜೆ ಇರುತ್ತದೆ. ಎಲ್ಲ ಕಡೆ ಎಲ್ಲ ಭಾಷೆಯೂ ಇರುವುದಿಲ್ಲ. ಕನ್ನಡ ಪೂಜೆ ಎಷ್ಟು ಗಂಟೆಗೆ, ಮಕ್ಕಳ ಧರ್ಮೋಪದೇಶ ಯಾವ ಭಾಷೆಯಲ್ಲಿ ಎಂದು ಮನೆ ಗೊತ್ತುಮಾಡುವ ಮೊದಲೇ ವಿಚಾರಿಸಿ. ಮಕ್ಕಳಿಗೆ ಇಂಗ್ಲಿಷ್ ನಡೆದೀತು. ಆದರೆ ಜೊತೆಗೆ ಬರುವ ಅಜ್ಜಿ ಪಾಪನಿವೇದನೆ ಮಾಡುವುದು ತಾಯ್ನುಡಿಯಲ್ಲೇ. ಹೊಸಬರಲ್ಲಿ ಅನೇಕರು ಒಂದು ವಾರ ಶಿವಾಜಿನಗರದ ಬಸಿಲಿಕಕ್ಕೆ, ಇನ್ನೊಂದು ವಾರ ವಿವೇಕನಗರದ ಬಾಲಯೇಸುವಿನ ಕ್ಷೇತ್ರಕ್ಕೆ ಹೋಗಿ ತಮ್ಮ ಧರ್ಮಕೇಂದ್ರ ಯಾವುದೆಂದೇ ತಿಳಿಯದೆ ವರ್ಷ ಕಳೆಯುತ್ತಾರೆ. ಪುಣ್ಯಕ್ಷೇತ್ರಗಳಿಗೆ ಖಂಡಿತ ಹೋಗಿ. ಆದರೆ ಅಷ್ಟು ದೊಡ್ಡ ಜನಜಂಗುಳಿಯಲ್ಲಿ ನಿಮ್ಮ ಮಗ ಮೂರು ಭಾನುವಾರ ಕಾಣಲಿಲ್ಲವೆಂದು ಯಾರೂ ಕೇಳುವುದಿಲ್ಲ. ಕೇಳುವವರು ನಿಮ್ಮ ಬೀದಿಯ ಕಿರು ಕ್ರೈಸ್ತ ಸಮುದಾಯದವರು.

ಆಕ್ವಿಲ ಮತ್ತು ಪ್ರಿಸ್ಸಿಲ ಎಂಬ ದಂಪತಿಯನ್ನು ನೆನೆಯಿರಿ. ಗುಡಾರ ಮಾಡುವುದು ಅವರ ಕಸುಬು. ಚಕ್ರವರ್ತಿ ಕ್ಲಾಡಿಯಸನ ಆಜ್ಞೆಯಿಂದ ರೋಮ್ ಬಿಟ್ಟು ಕೊರಿಂಥಕ್ಕೆ ಬಂದರು, ಅಲ್ಲಿಂದ ಎಫೆಸಕ್ಕೆ ಹೋದರು, ಮತ್ತೆ ರೋಮಿಗೆ ಮರಳಿದರು. ಎಫೆಸದಲ್ಲೂ ರೋಮಿನಲ್ಲೂ ವಿಶ್ವಾಸಿಗಳು ಸೇರುತ್ತಿದ್ದದ್ದು ಅವರ ಮನೆಯಲ್ಲೇ ಎಂದು ಸಂತ ಪೌಲರ ಪತ್ರಗಳಿಂದ ತಿಳಿಯುತ್ತದೆ. ಊರು ಬದಲಾಯಿಸಿದರೂ ಬಾಗಿಲು ಮುಚ್ಚದವರು ಅವರು. ಆಯ್ಕೆಯೇ ಇಲ್ಲದೆ ಊರು ಬಿಟ್ಟವರು ನಮ್ಮಲ್ಲೂ ಇದ್ದಾರೆ. ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಮುಳುಗಿದ ಶೆಟ್ಟಿಹಳ್ಳಿಯ ಹಳೆಯ ದೇವಾಲಯ ಇಂದಿಗೂ ಹಿನ್ನೀರು ತುಂಬಿದಾಗ ನೀರಲ್ಲಿ ನಿಲ್ಲುತ್ತದೆ. ಫೋಟೋ ತೆಗೆಯಲು ಬರುವವರಿಗೆ ಅದು ಸೊಗಸು, ಅಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಬೇರೆಯೇ.

ಹೊರಡುವವರಿಗೆ ಕೊನೆಯದಾಗಿ ಕಚೇರಿಯ ಮಾತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 102ನೆಯ ವಿಧಿಯ ಪ್ರಕಾರ, ಶಾಶ್ವತವಾಗಿ ನೆಲೆಸುವ ಉದ್ದೇಶದಿಂದ ಒಂದು ಧರ್ಮಕೇಂದ್ರದ ವ್ಯಾಪ್ತಿಗೆ ಬಂದ ದಿನವೇ ನೀವು ಅಲ್ಲಿನ ನಿವಾಸಿಗಳು. ಮೂರು ತಿಂಗಳು ಇರುವ ಉದ್ದೇಶದಿಂದ ಬಂದವರಿಗೂ ತಾತ್ಕಾಲಿಕ ನಿವಾಸ ಸಿಗುತ್ತದೆ. ಆದ್ದರಿಂದ ನೀವು ಹೋಗಿ ಹೆಸರು ಬರೆಸುವುದು ದಾಕ್ಷಿಣ್ಯದ ಕೆಲಸವಲ್ಲ. ಅಲ್ಲಿನ ಗುರುಗಳು ಆಗಲೇ ನಿಮ್ಮ ಗುರುಗಳು, ನೀವು ಬಂದಿರುವುದು ಅವರಿಗೆ ಗೊತ್ತಾಗಬೇಕಷ್ಟೇ. ಮಕ್ಕಳ ದೀಕ್ಷಾಸ್ನಾನದ ಮೂಲ ದಾಖಲೆ ಮಾತ್ರ ಇಲ್ಲಿನ ಪುಸ್ತಕದಲ್ಲೇ ಉಳಿಯುತ್ತದೆ. ಮುಂದೆ ಅವರಿಗೆ ಬೆಂಗಳೂರಿನಲ್ಲಿ ದೃಢೀಕರಣವಾದರೆ, ವಿವಾಹವಾದರೆ, ಅಲ್ಲಿಂದ ಸೂಚನೆ ಬಂದು ಇಲ್ಲಿ ಅದೇ ಹೆಸರಿನ ಪಕ್ಕದಲ್ಲಿ ಬರೆಯಲಾಗುತ್ತದೆ. ಹೋಗುವ ಮೊದಲು ಆ ಪುಟದಲ್ಲಿ ಹೆಸರು, ತಂದೆ-ತಾಯಿಯ ಹೆಸರು, ಜನ್ಮದಿನಾಂಕ ಶಾಲೆಯ ದಾಖಲೆಯೊಂದಿಗೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಿ. ವ್ಯತ್ಯಾಸವಿದ್ದರೆ ಈಗಲೇ ತಿಳಿಸಿ, ಮದುವೆಯ ಹಿಂದಿನ ವಾರ ಬೆಂಗಳೂರಿನಿಂದ ಓಡಿಬರಬೇಡಿ. ಭಾನುವಾರ ಎರಡನೆಯ ಪೂಜೆಯ ನಂತರ ಕಚೇರಿ ತೆರೆದಿರುತ್ತದೆ. ಸಾಮಾನು ಲಾರಿಗೆ ಏರಿಸುವ ದಿನದವರೆಗೆ ಕಾಯದೆ ಬನ್ನಿ, ಅಜ್ಜಿಯನ್ನೂ ಕರೆದುಕೊಂಡು ಬನ್ನಿ.