ಬೆನ್ನಿನ ನೀರು ಬೇಡ ಅಂದದ್ದು ಸರಿಯೇ?

ಪ್ರಶ್ನೆ: ನಾವು ಮಳವಳ್ಳಿ ಕಡೆಯವರು. ಹೋದ ತಿಂಗಳು ನನ್ನ ಹತ್ತು ತಿಂಗಳ ಮಗನಿಗೆ ಜ್ವರ ಏರಿ ಫಿಟ್ಸ್ ಬಂತು. ಎರಡು ದಿನ ಮೊದಲೇ ಊರ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಸಿರಪ್ ಕೊಟ್ಟಿದ್ದರು. ಮಂಡ್ಯಕ್ಕೆ ಕರೆದೊಯ್ದಾಗ ಬೆನ್ನಿನಿಂದ ನೀರು ತೆಗೆದು ನೋಡಬೇಕು ಅಂದರು. ಕಾಲಿನ ಸ್ವಾಧೀನ ಹೋಗುತ್ತದೆ ಎಂದು ಮಾವನವರು ಒಪ್ಪಲಿಲ್ಲ. ಬರೆದುಕೊಟ್ಟು ಬಂದೆವು. ಈಗ ಮಗು ಆಡಿಕೊಂಡಿದೆ. ಮದ್ದೂರಿನ ನಾದಿನಿಯ ಮೂರು ವರ್ಷದ ಮಗಳಿಗೂ ಹೀಗೇ ಆಗಿತ್ತು, ಅಲ್ಲಿ ಯಾರೂ ಬೆನ್ನಿನ ಮಾತೇ ಎತ್ತಲಿಲ್ಲ. ಮತ್ತೆ ಬಂದರೆ ಏನು ಮಾಡಲಿ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ, ತಾಯಿ. ಬೆನ್ನಿನ ನೀರಿನಲ್ಲಿ ವೈದ್ಯರು ಹುಡುಕುವ ಕೀವಿನ ಮಿದುಳು ಜ್ವರ ಇದ್ದಿದ್ದರೆ ಮಗು ಹೀಗೆ ಆಡಿಕೊಂಡಿರುತ್ತಿರಲಿಲ್ಲ. ಆದರೆ ಅಂದು ವೈದ್ಯರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮತ್ತೆ ಕೇಳಿದರೆ ಒಪ್ಪಿಕೊಳ್ಳಿ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಬರೀ ಜ್ವರಕ್ಕೇ ಫಿಟ್ಸ್ ಬರುವುದುಂಟು. ಹದಿನೈದು ನಿಮಿಷದೊಳಗೆ ನಿಂತು, ದಿನಕ್ಕೆ ಒಂದೇ ಸಲ ಬಂದು, ಆಮೇಲೆ ಮಗು ಎಚ್ಚರಾಗಿ ಅಮ್ಮನನ್ನು ಗುರುತಿಸಿದರೆ ಅಂಥವರಲ್ಲಿ ಮಿದುಳು ಜ್ವರ ಸಿಗುವುದು ಬಲು ಅಪರೂಪ. ನಾದಿನಿಯ ಮಗಳಿಗೆ ಮೂರು ವರ್ಷ. ಆ ವಯಸ್ಸಿನಲ್ಲಿ ಕತ್ತು ಬಿಗಿದರೆ ವೈದ್ಯರ ಕೈಗೆ ತಿಳಿಯುತ್ತದೆ. ವರ್ಷ ತುಂಬದ ಕೂಸಿಗೆ ಮಿದುಳು ಜ್ವರವಿದ್ದರೂ ಕತ್ತು ಮೆತ್ತಗೇ ಇರಬಹುದು. ನೆತ್ತಿ ಉಬ್ಬಬಹುದು, ಹಾಲು ಬಿಡಬಹುದು, ಎತ್ತಿಕೊಂಡರೆ ಇನ್ನೂ ಜೋರಾಗಿ ಅಳಬಹುದು, ಅಷ್ಟೇ. ಸಾಲದ್ದಕ್ಕೆ ಆ ಸಿರಪ್ಪು ರೋಗವನ್ನು ಕೊಲ್ಲದೆ ಲಕ್ಷಣವನ್ನಷ್ಟೇ ಮಸುಕು ಮಾಡಿರಬಹುದು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾಗ ಲಸಿಕೆ ತಪ್ಪಿತು ಎಂದೂ ಪತ್ರದಲ್ಲಿ ಬರೆದಿದ್ದೀರಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1996ರಲ್ಲಿ, ವರ್ಷದೊಳಗಿನ ಮಗುವಿಗೆ ಜ್ವರದ ಫಿಟ್ಸ್ ಬಂದರೆ ಈ ಪರೀಕ್ಷೆಯ ಯೋಚನೆ ಮಾಡಲೇಬೇಕು ಎಂದಿತ್ತು. ಲಸಿಕೆಗಳು ಬಂದು ರೋಗ ಇಳಿದ ಮೇಲೆ, 2011ರಲ್ಲಿ, ಲಸಿಕೆ ತಪ್ಪಿದವರು ಮತ್ತು ಆಂಟಿಬಯಾಟಿಕ್ ಕುಡಿದವರ ವಿಷಯದಲ್ಲಿ ಯೋಚಿಸಿ ಎಂದು ಸಡಿಲಿಸಿತು. ನಿಮ್ಮ ಮಗ ಎರಡೂ ಗುಂಪಿಗೆ ಸೇರುತ್ತಾನೆ.

ಮಾವನವರಿಗೆ ಇದನ್ನು ಓದಿ ಹೇಳಿ. ಮಗುವನ್ನು ಮಗ್ಗುಲಿಗೆ ಮುದುರಿ ಮಲಗಿಸಿ, ಸೊಂಟದ ಹತ್ತಿರ ಎರಡು ಮೂಳೆಗಳ ನಡುವೆ ಸಣ್ಣ ಸೂಜಿ ಇಳಿಸುತ್ತಾರೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ, ಆದ್ದರಿಂದ ಕಾಲು ಹೋಗುತ್ತದೆಂಬ ಭಯ ಬೇಡ. ತೆಗೆಯುವುದು ಒಂದೆರಡು ಮಿಲಿ ನೀರು, ದೇಹ ಅದನ್ನು ಬೇಗನೆ ತುಂಬಿಕೊಳ್ಳುತ್ತದೆ. ತಿಳಿಯಾಗಿದ್ದರೆ ಒಳ್ಳೆಯ ಗುರುತು. ಬಿಳಿ ರಕ್ತಕಣ ಏರಿ ಸಕ್ಕರೆ ಇಳಿದಿದ್ದರೆ ಔಷಧಿ ತಡಮಾಡುವಂತಿಲ್ಲ. ತಡವಾದ ಮಿದುಳು ಜ್ವರ ಕಿವಿ ಕಳೆಯುತ್ತದೆ, ಜೀವವನ್ನೂ ಕಳೆಯುತ್ತದೆ. ನಮ್ಮ ಗದ್ದೆ ಬಯಲಿಗೆ ಹಳೆಯ ಶತ್ರುವಾದ ಜಪಾನೀಸ್ ಮಿದುಳು ಜ್ವರವನ್ನೂ ಇದೇ ನೀರಿನಲ್ಲಿ ಪತ್ತೆ ಮಾಡುತ್ತಾರೆ.

ಮತ್ತೆ ಫಿಟ್ಸ್ ಬಂದರೆ, ಮೂರು ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಬೇಡ. ಕೈಗೆ ಕಬ್ಬಿಣ ಕೊಡುತ್ತಾ ಹೊತ್ತು ಕಳೆಯಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಬೇಗ ನಿಂತರೂ ಅದೇ ದಿನ ಮಳವಳ್ಳಿ ತಾಲ್ಲೂಕು ಆಸ್ಪತ್ರೆಗೆ ತೋರಿಸಿ, ಅವರು ಹೇಳಿದರೆ ಮಂಡ್ಯದ ಮಿಮ್ಸ್‌ಗೆ ಹೋಗಿ. ಸಿರಪ್ಪಿನ ಬಾಟಲಿ, ತಾಯಿ ಕಾರ್ಡು ಜೊತೆಗಿರಲಿ.

ತಪ್ಪಿದ ಲಸಿಕೆಗಳನ್ನು ಈ ವಾರವೇ ಹಾಕಿಸಿ. ಪೆಂಟಾವಲೆಂಟ್ ಮತ್ತು ನ್ಯೂಮೊಕಾಕಲ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಜ್ವರಕ್ಕೆ ಫಿಟ್ಸ್ ಬಂದಿತ್ತೆಂದು ಬಿಡಬೇಕಿಲ್ಲ, ನರ್ಸಮ್ಮನಿಗೆ ವಿಷಯ ತಿಳಿಸಿದರೆ ಸಾಕು.