ಹಳೆಯ ಪಿಎಸ್ 4ಕ್ಕೆ ಬೆಲೆ ಕಟ್ಟುವುದು ಹೇಗೆ?

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ಸವಕಳಿ ಅಧ್ಯಾಯ ಓದಿದ್ದೇವೆ. ಯಂತ್ರದ ಬೆಲೆ, ಅದರ ಆಯುಷ್ಯ, ಕೊನೆಗೆ ಸಿಗುವ ಗುಜರಿ ಬೆಲೆ ಕೊಟ್ಟಿರುತ್ತಾರೆ. ಪ್ರತಿ ವರ್ಷದ ಸವಕಳಿಯನ್ನು ನಾವು ತೆಗೆಯಬೇಕು. ಪರೀಕ್ಷೆಯಲ್ಲಿ ಇದು ಅಂಕ ತರುವ ಲೆಕ್ಕ. ಆದರೆ ಮನೆಯ ಹಳೆಯ ವಸ್ತುವೊಂದನ್ನು ನಿಜವಾಗಿ ಮಾರಲು ಹೊರಟಾಗ ಈ ಲೆಕ್ಕ ಎಷ್ಟು ಉಪಯೋಗಕ್ಕೆ ಬರುತ್ತದೆ? ನಮ್ಮ ಮನೆಯ ಪಿಎಸ್ 4 ಗೇಮ್ ಕನ್ಸೋಲ್ ಅನ್ನು ಆನ್‌ಲೈನ್‌ನಲ್ಲಿ ಹಾಕಿ ದಾವಣಗೆರೆಯಲ್ಲೇ ಮಾರುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂತು. ಆ ಲೆಕ್ಕವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಕನ್ಸೋಲ್ ನನ್ನ ಭಾಯಿಜಾನ್‌ದು. 2019ರ ನವೆಂಬರ್‌ನಲ್ಲಿ 27,990 ರೂಪಾಯಿಗೆ ಕೊಂಡಿದ್ದರು. ರಸೀದಿಯನ್ನು ಅಮ್ಮಿ ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದರು. (ರಸೀದಿ, ಜಮಾ, ಖರ್ಚು, ಬಾಕಿ, ಖರೀದಿ: ವ್ಯಾಪಾರದ ಕನ್ನಡದಲ್ಲಿ ನಮ್ಮ ಮನೆಯ ಮಾತು ಎಷ್ಟೊಂದಿದೆ ನೋಡಿ. ಉರ್ದು ಮನೆಯಿಂದ ಬಂದವರಿಗೆ ಲೆಕ್ಕಶಾಸ್ತ್ರ ಕಷ್ಟ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.) ಭಾಯಿಜಾನ್ ಈಗ ಕೆಲಸಕ್ಕೆಂದು ದೋಹಾದಲ್ಲಿದ್ದಾರೆ. "ಅದನ್ನು ಮಾರಿ ನಿನ್ನ ಕೋಚಿಂಗ್ ಫೀಸ್ ಕಟ್ಟು" ಎಂದು ಫೋನಿನಲ್ಲಿ ಹೇಳಿದರು. ನನ್ನ ಸಿಎ ಫೌಂಡೇಶನ್ ಕೋಚಿಂಗ್‌ನ ಎರಡನೇ ಕಂತು 12,000 ರೂಪಾಯಿ. ಕಟ್ಟಲು ಉಳಿದಿದ್ದದ್ದು ನಾಲ್ಕು ವಾರ.

ಮೊದಲು ಪುಸ್ತಕದ ಲೆಕ್ಕ ಮಾಡೋಣ. ಕನ್ಸೋಲಿನ ಆಯುಷ್ಯ 8 ವರ್ಷ, ಗುಜರಿ ಬೆಲೆ 3,990 ಎಂದು ಇಟ್ಟುಕೊಂಡರೆ ಸರಳ ರೇಖಾ ಪದ್ಧತಿಯಲ್ಲಿ ವರ್ಷಕ್ಕೆ 3,000 ಸವಕಳಿ. ಆರು ವರ್ಷಕ್ಕೆ 18,000 ಹೋಗಿ 9,990 ಉಳಿಯುತ್ತದೆ. ಇಳಿಮುಖ ಶೇಷ ಪದ್ಧತಿಯಲ್ಲಿ ಶೇ. 15ರಂತೆ ಕಳೆದರೆ ಸುಮಾರು 10,556. ಎರಡೂ ಉತ್ತರ ಸರಿ, ಆದರೆ ಎರಡೂ ಮಾರಾಟದ ಬೆಲೆಯಲ್ಲ. ಸವಕಳಿ ಇರುವುದು ಕೊಂಡ ಖರ್ಚನ್ನು ವರ್ಷಗಳ ಮೇಲೆ ಹಂಚುವುದಕ್ಕೆ. ನಾಳೆ ಬರುವ ಗಿರಾಕಿ ಎಷ್ಟು ಕೊಡುತ್ತಾನೆ ಎಂದು ಅದು ಹೇಳುವುದಿಲ್ಲ. ನನಗೆ 12,000 ಬೇಕು ಎಂಬುದೂ ಬೆಲೆಯಲ್ಲ. ನನ್ನ ಫೀಸಿಗೂ ಗಿರಾಕಿಗೂ ಏನು ಸಂಬಂಧ?

ಹಾಗಾದರೆ ಬೆಲೆ ಎಲ್ಲಿ ಸಿಗುತ್ತದೆ? ಜಾಹೀರಾತು ನೋಡಿದರೆ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಓಎಲ್‌ಎಕ್ಸ್‌ನಲ್ಲಾಗಲಿ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಾಗಲಿ ನಮಗೆ ಕಾಣುವುದು ಮಾರುವವರು ಕೇಳುತ್ತಿರುವ ಬೆಲೆ. ಮಾರಾಟವಾದ ವಸ್ತುವಿನ ಜಾಹೀರಾತು ಪಟ್ಟಿಯಿಂದ ಹೋಗಿಬಿಡುತ್ತದೆ. ಅಂದರೆ ತಿಂಗಳುಗಟ್ಟಲೆ ಅಲ್ಲೇ ಕೂತಿರುವುದು ಯಾರೂ ಒಪ್ಪದ ಬೆಲೆ! ಅವುಗಳ ಸರಾಸರಿ ತೆಗೆದರೆ ನಾವೂ ಅಲ್ಲೇ ಕೂರುತ್ತೇವೆ. ಆದ್ದರಿಂದ ನಾನು ಹತ್ತು ದಿನ ಏನನ್ನೂ ಹಾಕದೆ, ದಾವಣಗೆರೆ ಮತ್ತು ಹರಿಹರದ ಹನ್ನೊಂದು ಪಿಎಸ್ 4 ಜಾಹೀರಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ದಿನವೂ ಗಮನಿಸಿದೆ. 18,000ಕ್ಕಿಂತ ಮೇಲಿದ್ದ ಮೂರೂ ಕದಲಲಿಲ್ಲ. ಮಾಯವಾದದ್ದು ನಾಲ್ಕು, ಅವರು ಕೇಳಿದ್ದ ಬೆಲೆ 12,000, 12,500, 13,500, 14,000. ಅದರಲ್ಲಿ ಇಬ್ಬರಿಗೆ ಮೆಸೇಜ್ ಮಾಡಿ ಎಷ್ಟಕ್ಕೆ ಹೋಯಿತು ಎಂದು ಕೇಳಿದೆ. ಒಬ್ಬರು ಉತ್ತರಿಸಿದರು: ಕೇಳಿದ್ದಕ್ಕಿಂತ ಸಾವಿರ ಕಡಿಮೆ. ನಾಲ್ಕೇ ಉದಾಹರಣೆ, ನಿಜ. ಆದರೂ ಹನ್ನೊಂದು ಆಸೆಗಳಿಗಿಂತ ನಾಲ್ಕು ಮಾರಾಟ ಮೇಲು.

ಬೆಂಗಳೂರಿನ ಬೆಲೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಲ್ಲಿ ಗಿರಾಕಿಗಳೂ ಹೆಚ್ಚು, ಮಾರುವವರೂ ಹೆಚ್ಚು. ಸುಮಾರು 260 ಕಿಲೋಮೀಟರ್ ದೂರದಿಂದ ಹಳೆಯ ಕನ್ಸೋಲ್ ನೋಡಲು ಯಾರೂ ಬಸ್ಸು ಹತ್ತಿ ಬರುವುದಿಲ್ಲ. ಹರಿಹರದಿಂದ ಬರುತ್ತಾರೆ, 14 ಕಿಲೋಮೀಟರ್ ತಾನೇ.

ಆರು ವರ್ಷ ಹಳೆಯದಾದರೂ ಪಿಎಸ್ 4ಕ್ಕೆ ಪುಸ್ತಕ ಮೌಲ್ಯಕ್ಕಿಂತ ಹೆಚ್ಚು ಏಕೆ ಸಿಗುತ್ತದೆ? ಅರ್ಥಶಾಸ್ತ್ರದ ಬದಲಿ ಸರಕು ಇಲ್ಲಿ ಕೆಲಸ ಮಾಡುತ್ತಿದೆ. ಪಿಎಸ್ 5 ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಮಾದರಿಯ ಬೆಲೆ 49,990. ಸಾಮಾನ್ಯವಾಗಿ ಕನ್ಸೋಲ್ ಹಳೆಯದಾದಂತೆ ಕಂಪನಿ ಬೆಲೆ ಇಳಿಸುತ್ತದೆ. ಈ ಬಾರಿ ಉಲ್ಟಾ, ಮುಂದೆ ಅದನ್ನು 54,990ಕ್ಕೆ ಏರಿಸಿದರು. ಹೊಸದು ಕೈಗೆ ಸಿಗದಿದ್ದಾಗ ಹಳೆಯದಕ್ಕೆ ಬೇಡಿಕೆ ಉಳಿಯುತ್ತದೆ. ಹಬ್ಬದ ಸೇಲ್‌ನಲ್ಲಿ ಹೊಸದಕ್ಕೆ ರಿಯಾಯಿತಿ ಕೊಟ್ಟರೆ ಹಳೆಯದರ ಬೆಲೆಯೂ ಅಲುಗಾಡುತ್ತದೆ. ಜಿಟಿಎ 6 ಪಿಎಸ್ 5 ಮತ್ತು ಹೊಸ ಎಕ್ಸ್‌ಬಾಕ್ಸ್‌ಗೆ ಮಾತ್ರ ಎಂದು ಕಂಪನಿ ಹೇಳಿದೆ, ಪಿಎಸ್ 4ಕ್ಕಿಲ್ಲ. ಆದ್ದರಿಂದ ಮಾರುವುದಿದ್ದರೆ ಕಾಯುವುದರಲ್ಲಿ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಅತಿ ಮುಖ್ಯ ವಿಷಯ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟು ಒಂದು ಲೇಖನ ಬರೆದರು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೊಳ್ಳುವವನು ಹೆದರಿ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರದೆ ಹಿಂದೆ ಸರಿಯುತ್ತಾನೆ. ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಹೆಚ್ಚಾಗಿ ಉಳಿಯುತ್ತವೆ, ಬೆಲೆ ಇನ್ನೂ ಇಳಿಯುತ್ತದೆ. ಮಾಹಿತಿಯ ಈ ಅಸಮಾನತೆಯ ಅಧ್ಯಯನಕ್ಕಾಗಿ ಅವರಿಗೆ 2001ರಲ್ಲಿ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು.

ನನ್ನ ಅಬ್ಬಾ ಹಳೆಯ ಬೈಕುಗಳ ವ್ಯಾಪಾರ ಮಾಡುತ್ತಾರೆ. ಅಕರ್ಲಾಫ್ ಹೆಸರು ಕೇಳಿಲ್ಲ. ಅವರ ಮಾತು ಇಷ್ಟೇ: "ಐಬ್ ಪೈಲೇ ಬೋಲ್, ದಾಮ್ ಬಾದ್ ಮೇ." ದೋಷ ಮೊದಲು ಹೇಳು, ಬೆಲೆ ಆಮೇಲೆ. ದೋಷ ಮುಚ್ಚಿಟ್ಟು ಮಾರುವುದು ನಮ್ಮಲ್ಲಿ ತಪ್ಪು ಎಂಬುದು ಎಲ್ಲರಿಗೂ ಗೊತ್ತು. ಅದು ವ್ಯಾಪಾರಕ್ಕೂ ಒಳ್ಳೆಯದು ಎಂಬುದು ನನಗೆ ಈ ಸಲ ಅಂಕಿಗಳಲ್ಲಿ ಕಂಡಿತು. ನಮ್ಮ ಎರಡು ಕಂಟ್ರೋಲರ್‌ಗಳಲ್ಲಿ ಒಂದಕ್ಕೆ ಡ್ರಿಫ್ಟ್ ಇತ್ತು, ಅಂದರೆ ಕಡ್ಡಿ ಮುಟ್ಟದಿದ್ದರೂ ಆಟದಲ್ಲಿನ ಮನುಷ್ಯ ತಾನೇ ನಡೆಯುತ್ತಿದ್ದ. ಹಾಗೆಯೇ ಮಾರಿದರೆ ಅದಕ್ಕೆ 700, ರಿಪೇರಿ ಮಾಡಿಸಿದರೆ 1,500. ರಿಪೇರಿಗೆ 400. ಮಾಡಿಸಿದೆ, ಮಾಡಿಸಿದ್ದನ್ನು ಜಾಹೀರಾತಿನಲ್ಲೂ ಬರೆದೆ. ಫ್ಯಾನ್ ಜೋರಾಗಿ ಸದ್ದು ಮಾಡುತ್ತಿತ್ತು. ಧೂಳು ತೆಗೆಸಿ ಥರ್ಮಲ್ ಪೇಸ್ಟ್ ಹಾಕಿಸಲು 600. ಹೊರಗಿನ ಪ್ಲಾಸ್ಟಿಕ್ ಮೇಲೆ ಗೀರುಗಳಿದ್ದವು. ಹೊಸ ಹೊದಿಕೆಗೆ 900 ಎಂದರು, ಬೇಡವೆಂದೆ. ಗೀರಿಗೆ ಯಾರೂ 900 ಕಡಿಮೆ ಮಾಡುವುದಿಲ್ಲ, ಫೋಟೋದಲ್ಲಿ ತೋರಿಸಿದರೆ ಸಾಕು. ಖರ್ಚು ಮಾಡುವ ಮುಂಚೆ ಕೇಳಬೇಕಾದದ್ದು ಒಂದೇ: ಈ ಖರ್ಚಿನಿಂದ ಬೆಲೆ ಅದಕ್ಕಿಂತ ಹೆಚ್ಚು ಏರುತ್ತದೆಯೇ?

ನಂತರ ಎರಡು ನಿಮಿಷದ ವಿಡಿಯೋ ಮಾಡಿದೆ. ಕನ್ಸೋಲ್ ಆನ್ ಆಗುವುದು, ಡಿಸ್ಕ್ ಒಳಗೆ ಹೋಗಿ ಓದುವುದು, ಹೊರಬರುವುದು, ಅರ್ಧ ಗಂಟೆ ಆಡಿದ ಮೇಲೆ ಫ್ಯಾನಿನ ಸದ್ದು, ಕಡ್ಡಿ ಮುಟ್ಟದೆ ನಿಂತಿರುವ ಆಟಗಾರ, ಕೊನೆಗೆ ರಸೀದಿ. ಕೇಳಿದವರಿಗೆಲ್ಲ ಅದನ್ನೇ ಕಳಿಸಿದೆ.

ಗೇಮ್‌ಗಳ ಬೆಲೆಗೆ ವಯಸ್ಸಿನ ಲೆಕ್ಕ ನಡೆಯುವುದೇ ಇಲ್ಲ. ಜಿಟಿಎ 5 ಪಿಎಸ್ 4ಕ್ಕೆ ಬಂದದ್ದು 2014ರಲ್ಲಿ, ಇಂದಿಗೂ ಅದರ ಡಿಸ್ಕ್ ಕೇಳುವವರಿದ್ದಾರೆ. ನಮ್ಮದು 900ಕ್ಕೆ ಹೋಯಿತು, ಸ್ಪೈಡರ್‌ಮ್ಯಾನ್ 800ಕ್ಕೆ. ಫಿಫಾ 20 ಅದಕ್ಕಿಂತ ಎಷ್ಟೋ ಹೊಸದು, ಆದರೆ ಪ್ರತಿ ವರ್ಷ ಹೊಸ ಆವೃತ್ತಿ ಬರುವ ಕ್ರೀಡಾ ಗೇಮ್ ಹಳೆಯ ಕ್ಯಾಲೆಂಡರ್ ಇದ್ದಂತೆ. ಡಿಸ್ಕಿನ ಸಣ್ಣ ಗೀರುಗಳಿಗೆ ಹೆದರಬೇಡಿ. ಬ್ಲೂ-ರೇ ಡಿಸ್ಕಿಗೆ ಗಟ್ಟಿ ಲೇಪನವಿರುತ್ತದೆ. ಆಳವಾದ ಗೀರಿದ್ದರೆ ಹಾಕಿ ನೋಡಿಯೇ ಕೊಳ್ಳಿ.

ಭಾಯಿಜಾನ್ ಆನ್‌ಲೈನ್ ಸ್ಟೋರಿನಿಂದ ಡೌನ್‌ಲೋಡ್ ಮಾಡಿದ್ದ ಗೇಮ್‌ಗಳಿಗೆ ಒಟ್ಟು 6,000ಕ್ಕೂ ಹೆಚ್ಚು ಕೊಟ್ಟಿದ್ದರು. ಅವುಗಳ ಮಾರಾಟದ ಬೆಲೆ ಸೊನ್ನೆ. ಅವು ಖಾತೆಗೆ ಅಂಟಿಕೊಂಡಿರುತ್ತವೆ, ಕನ್ಸೋಲ್ ಜೊತೆ ಹೋಗುವುದಿಲ್ಲ, ಖಾತೆಯನ್ನು ಮಾರಲು ಕಂಪನಿಯ ನಿಯಮ ಒಪ್ಪುವುದಿಲ್ಲ. ಡಿಸ್ಕ್ ಕೊಂಡವನದು ಆಸ್ತಿ, ಡೌನ್‌ಲೋಡ್ ಕೊಂಡವನದು ಬರೀ ಅನುಮತಿ. ಕೊಡುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಪ್ರೈಮರಿ ಪಿಎಸ್ 4 ಎಂಬುದನ್ನು ರದ್ದು ಮಾಡಿ, ಇನಿಶಿಯಲೈಸ್ ಮಾಡಿ ಎಲ್ಲವನ್ನೂ ಅಳಿಸಲೇಬೇಕು.

ಊರಿನ ಒಂದು ಅಂಗಡಿಯಲ್ಲಿ ಎಲ್ಲ ಸೇರಿ 9,000 ಕೊಡುತ್ತೇವೆ ಎಂದರು. ಇದನ್ನು ಮೋಸ ಎನ್ನಲಾಗದು. ಅವರು ಬಾಡಿಗೆ ಕಟ್ಟಬೇಕು, ಗಿರಾಕಿಗೆ ಗ್ಯಾರಂಟಿ ಕೊಡಬೇಕು, ಮಾರಾಟವಾಗುವವರೆಗೆ ಹಣ ಸಿಕ್ಕಿಕೊಂಡಿರುತ್ತದೆ. ನನಗೆ ಅದು ನೆಲದ ಬೆಲೆ: ಯಾರೂ ಬರದಿದ್ದರೆ ಕೊನೆಯ ವಾರ ಅಲ್ಲಿಗೆ ಹೋಗಬಹುದು. ಈ ನೆಲ ಗೊತ್ತಿದ್ದರೆ ಚೌಕಾಸಿಯಲ್ಲಿ ಕೈ ನಡುಗುವುದಿಲ್ಲ.

ಒಂದು ಕಂಟ್ರೋಲರ್ ಸಮೇತ ಕನ್ಸೋಲಿಗೆ 14,500 ಹಾಕಿದೆ. ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ "ಲಾಸ್ಟ್ ಎಷ್ಟು ಬ್ರೋ?" (ಖಾತೆ ಭಾಯಿಜಾನ್ ಹೆಸರಿನಲ್ಲಿತ್ತು. ನಾನು ಬ್ರೋ ಅಲ್ಲ ಎಂದು ತಿದ್ದಲು ಹೋಗಲಿಲ್ಲ.) ವಸ್ತು ನೋಡದೆ ಕೇಳುವವರಿಗೆ ಬೆಲೆ ಇಳಿಸಬೇಡಿ, ಬಂದು ನೋಡಿ ಎನ್ನಿ. ಒಬ್ಬರು ನೋಡದೆ, ಚೌಕಾಸಿಯೂ ಮಾಡದೆ ಪೂರ್ತಿ ಹಣಕ್ಕೆ ಒಪ್ಪಿ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಬರುತ್ತದೆ ಎಂದರು. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು, ಪಡೆಯಲು ಬೇಕಿಲ್ಲ. ಬ್ಲಾಕ್ ಮಾಡಿದೆ. ನಿಮ್ಮಲ್ಲಿ ಯಾರಾದರೂ ಹಣ ಕಳೆದುಕೊಂಡರೆ ತಕ್ಷಣ 1930ಕ್ಕೆ ಕರೆ ಮಾಡಿ.

ಹರಿಹರದಿಂದ ಒಬ್ಬ ವಿದ್ಯಾರ್ಥಿ ತನ್ನ ಮಾವನ ಜೊತೆ ಅಬ್ಬಾ ಅವರ ಅಂಗಡಿಗೆ ಬಂದ. ಅಲ್ಲಿನ ಟಿವಿಗೆ ಹಾಕಿ ಮುಕ್ಕಾಲು ಗಂಟೆ ನೋಡಿದರು. ಗೀರುಗಳ ಬಗ್ಗೆ ಅವರು ಬಾಯಿ ತೆರೆಯುವ ಮುಂಚೆಯೇ ಅಬ್ಬಾ ಬೆರಳಿಟ್ಟು ತೋರಿಸಿದರು. 13,200ಕ್ಕೆ ಮಾತು ಮುಗಿಯಿತು. ರಿಪೇರಿಯಾದ ಕಂಟ್ರೋಲರ್ ಬೇರೆಯವರಿಗೆ 1,500ಕ್ಕೆ ಹೋಯಿತು. ಎರಡು ಡಿಸ್ಕ್ ಸೇರಿ ಒಟ್ಟು ಬಂದದ್ದು 16,400, ರಿಪೇರಿಯ 1,000 ಕಳೆದರೆ 15,400. ಫೀಸ್ ಗಡುವಿಗೆ ಆರು ದಿನ ಮುಂಚೆಯೇ ಕಟ್ಟಿದೆ. ಉಳಿದ 3,400ನ್ನು ಅಮ್ಮಿಯ ಕೈಗೆ ಕೊಟ್ಟೆ.

ಫಿಫಾ 20 ಮಾತ್ರ ಇನ್ನೂ ಮನೆಯಲ್ಲೇ ಇದೆ. 300 ಕೇಳಿದೆ, 200 ಕೇಳಿದೆ, ಯಾರೂ ಬರಲಿಲ್ಲ. ಡಿಸ್ಕಿನ ಮೇಲೆ ಗೀರಿಲ್ಲ, ಡಬ್ಬಿಯ ಒಂದು ಮೂಲೆ ಒಡೆದಿದೆ. ದ್ವಿತೀಯ ವಾಣಿಜ್ಯ ವಿಭಾಗದಲ್ಲಿ ಕೇಳಿದರೆ ಸಿಗುತ್ತದೆ, 150 ರೂಪಾಯಿ.